ಕಾರ್ನಿಯಾ ಸಮ್ಮೇಳನ: ಹಣದ ಮೂಲಗಳು, ನಿಯಮಗಳು

ಕಣ್ಣಿನ ಕರಿಗುಡ್ಡೆಯ ಮುಂಭಾಗವನ್ನು ಗಾಜಿನಂತೆ ಮುಚ್ಚಿರುವ, ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಪಾರದರ್ಶಕ ಪಟಲವೇ ಕಾರ್ನಿಯಾ. ಇದರಲ್ಲಿ ರಕ್ತನಾಳಗಳಿಲ್ಲ. ಬೆಳಕನ್ನು ಕೇಂದ್ರೀಕರಿಸುವ ಕಣ್ಣಿನ ಶಕ್ತಿಯಲ್ಲಿ ಮೂರನೆಯ ಎರಡು ಪಾಲು ಈ ಪಟಲದ್ದು. ಗಾಯದಿಂದಲೋ ಸೋಂಕಿನಿಂದಲೋ ಇದು ಬೆಳ್ಳಗಾದರೆ ದೃಷ್ಟಿ ಹೋಗುತ್ತದೆ.

2015–19ರ ಅವಧಿಯಲ್ಲಿ ನಡೆದ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯ ಪ್ರಕಾರ, 50 ವರ್ಷ ದಾಟಿದವರ ಅಂಧತ್ವಕ್ಕೆ ಮುಖ್ಯ ಕಾರಣ ಕಣ್ಣಿನ ಪೊರೆ. ಅವರಲ್ಲಿ ಕಾರ್ನಿಯಾ ದೋಷದ ಪಾಲು ಶೇ. 7.4 ಮಾತ್ರ. ಆದರೆ 50ರೊಳಗಿನವರಲ್ಲಿ ಅದೇ ಪಾಲು ಶೇ. 37.5ಕ್ಕೆ ಏರಿ ಮೊದಲ ಸ್ಥಾನಕ್ಕೆ ಬರುತ್ತದೆ. ಅಂದರೆ ಇದು ಮಕ್ಕಳನ್ನೂ ದುಡಿಯುವ ವಯಸ್ಸಿನವರನ್ನೂ ಹೆಚ್ಚಾಗಿ ಕಾಡುವ ಅಂಧತ್ವ. ಇದರ ಸಂಶೋಧನೆಗೆ ನೇತ್ರತಜ್ಞರಷ್ಟೇ ಸಾಲದು. ಸೂಕ್ಷ್ಮಜೀವಿ ವಿಜ್ಞಾನಿಗಳು, ಜೀವಕೋಶ ತಜ್ಞರು, ಉಪಕರಣ ರೂಪಿಸುವ ಎಂಜಿನಿಯರುಗಳು, ನೇತ್ರ ಬ್ಯಾಂಕಿನ ತಂತ್ರಜ್ಞರು ಒಂದೆಡೆ ಕೂಡಬೇಕಾಗುತ್ತದೆ.

ಸಾವಿರಾರು ಜನ ಸೇರುವ ದೊಡ್ಡ ಅಧಿವೇಶನಗಳಲ್ಲಿ ಇಂಥ ಕೂಟ ಕಷ್ಟ. ನೂರರ ಆಸುಪಾಸಿನ ಮಂದಿಯ ಸಣ್ಣ ಸಮ್ಮೇಳನಕ್ಕೆ ಬೆಲೆ ಬರುವುದು ಇಲ್ಲಿಯೇ. ಈ ಬಗೆಯ ಸಭೆಗಳಿಗೆ ಮಾದರಿಯೆನಿಸಿದ ಅಮೆರಿಕದ ಗೋರ್ಡನ್ ಸಂಶೋಧನಾ ಸಮ್ಮೇಳನಗಳು 1931ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಆರಂಭವಾದವು. ಅಲ್ಲಿ ಆಡಿದ ಮಾತನ್ನು ಹೊರಗೆ ಉಲ್ಲೇಖಿಸುವಂತಿಲ್ಲ. ಹೀಗಾಗಿ ಇನ್ನೂ ಪ್ರಕಟವಾಗದ ಫಲಿತಾಂಶಗಳೂ ಮುಕ್ತ ಚರ್ಚೆಗೆ ಬರುತ್ತವೆ. ಕಾರ್ನಿಯಾ ಮತ್ತು ನೇತ್ರದ ಹೊರಮೈ ಕುರಿತೇ ಪ್ರತ್ಯೇಕ ಗೋರ್ಡನ್ ಸಮ್ಮೇಳನವೂ ಇದೆ.

ಸರ್ಕಾರದ ಹಣ

ಭಾರತದಲ್ಲಿ ಇಂಥ ಸಭೆ ನಡೆಸುವವರಿಗೆ ನೆರವು ನೀಡುವ ಸರ್ಕಾರಿ ಸಂಸ್ಥೆಗಳು ಹಲವು: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಜೈವಿಕ ತಂತ್ರಜ್ಞಾನ ಇಲಾಖೆ, ಸಿಎಸ್‌ಐಆರ್ ಮೊದಲಾದವು. ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿಯೂ ಈ ಸಾಲಿನಲ್ಲಿತ್ತು. 2024ರಲ್ಲಿ ಅದು ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದಲ್ಲಿ ವಿಲೀನಗೊಂಡಿತು. ಅರ್ಜಿಯನ್ನು ತಿಂಗಳುಗಳ ಮೊದಲೇ, ವಿಷಯ, ಭಾಷಣಕಾರರು ಹಾಗೂ ಅಂದಾಜು ವೆಚ್ಚದ ವಿವರದೊಡನೆ ಸಲ್ಲಿಸುವುದು ಅಗತ್ಯ. ಸಾಮಾನ್ಯವಾಗಿ ಮಂಜೂರಾಗುವುದು ವೆಚ್ಚದ ಒಂದು ಭಾಗ ಮಾತ್ರ. ಉಳಿದದ್ದನ್ನು ಪ್ರತಿನಿಧಿ ಶುಲ್ಕ ಮತ್ತು ಆತಿಥೇಯ ಸಂಸ್ಥೆ ತುಂಬಬೇಕು.

ಮಂಜೂರಾದ ಹಣವನ್ನು ಸೂಚಿಸಿದ ಬಾಬ್ತಿಗೇ ಬಳಸಬೇಕು. ಅನಂತರ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಬಳಕೆ ಪ್ರಮಾಣಪತ್ರವನ್ನೂ ಲೆಕ್ಕಪತ್ರವನ್ನೂ ಒಪ್ಪಿಸಬೇಕು. ವೇದಿಕೆಯ ಹೂಗುಚ್ಛಗಳು ಬಾಡಿ ಹೋದ ಎಷ್ಟೋ ದಿನಗಳ ಮೇಲೂ ಕಡತ ಮಾತ್ರ ಜೀವಂತವಾಗಿರುತ್ತದೆ. ಆದುದರಿಂದ ಸಂಸ್ಥೆಯ ಲೆಕ್ಕಪತ್ರ ವಿಭಾಗದವರೊಬ್ಬರನ್ನು ಸಂಘಟನಾ ಸಮಿತಿಗೆ ಮೊದಲ ದಿನವೇ ಸೇರಿಸಿಕೊಳ್ಳುವುದು ಜಾಣತನ.

ಕಂಪನಿಗಳ ಹಣ

ಎರಡನೆಯ ದಾರಿ ಸುಲಭ, ಆದರೆ ಸೂಕ್ಷ್ಮ. ಲೇಸರ್ ಯಂತ್ರ, ಕಾಂಟಾಕ್ಟ್ ಲೆನ್ಸ್, ಒಣಕಣ್ಣಿನ ಹನಿಔಷಧ ತಯಾರಿಸುವವರಿಗೆ ನೇತ್ರತಜ್ಞರ ಸಭೆಯೆಂದರೆ ಮಾರುಕಟ್ಟೆ. ಗದ್ದೆಯಲ್ಲಿ ಭತ್ತದ ಹೊಟ್ಟು ಅಥವಾ ಕಡ್ಡಿ ತಾಗಿ ಶಿಲೀಂಧ್ರದ ಹುಣ್ಣಾದ ಕೂಲಿಕಾರನ ಕಣ್ಣಿಗೆ ಅಂಥ ಮಾರುಕಟ್ಟೆಯಿಲ್ಲ. ಪ್ರಾಯೋಜಕರು ಕಾರ್ಯಕ್ರಮಪಟ್ಟಿಯ ಬಗ್ಗೆ ಒಂದು ಮಾತನ್ನೂ ಆಡಬೇಕಾಗಿಲ್ಲ. ಹಣ ಬರುವ ದಿಕ್ಕಿಗೆ ವಿಷಯಗಳೂ ತಾವಾಗಿ ವಾಲುತ್ತವೆ.

ಇದಕ್ಕೆ ವಿರುದ್ಧವಾದ ನಿದರ್ಶನವೊಂದು ನೆರೆಯ ತಮಿಳುನಾಡಿನಲ್ಲಿದೆ. ಶಿಲೀಂಧ್ರದ ಹುಣ್ಣಿಗೆ ಹಳೆಯ ನಟಾಮೈಸಿನ್ ಲೇಸೋ, ಹೊಸ ವೊರಿಕೊನಜೋಲ್ ಲೇಸೋ ಎಂಬುದನ್ನು ಅರವಿಂದ ಕಣ್ಣಾಸ್ಪತ್ರೆಗಳಲ್ಲಿ 323 ರೋಗಿಗಳ ಮೇಲೆ ಪರೀಕ್ಷಿಸಲಾಯಿತು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಗೆದ್ದದ್ದು ಹಳೆಯ ಔಷಧ. ಪ್ರಯೋಗಕ್ಕೆ ಹಣ ಕೊಟ್ಟದ್ದು ಅಮೆರಿಕ ಸರ್ಕಾರದ ರಾಷ್ಟ್ರೀಯ ನೇತ್ರ ಸಂಸ್ಥೆ. ಹಳೆಯ ಔಷಧದ ಪರವಾಗಿ ಇಂಥ ಪ್ರಶ್ನೆಯನ್ನು ಸಾರ್ವಜನಿಕ ಹಣವಲ್ಲದೆ ಬೇರಾರು ಕೇಳಿಯಾರು?

ಕಂಪನಿಗಳ ನೆರವಿಗೆ ನಿಯಮಗಳು ಕ್ರಮೇಣ ಬಿಗಿಯಾಗಿವೆ. ವೈದ್ಯರು ಔಷಧ ಕಂಪನಿಗಳಿಂದ ಉಡುಗೊರೆ, ಪ್ರಯಾಣವೆಚ್ಚ, ಆತಿಥ್ಯ ಸ್ವೀಕರಿಸುವುದನ್ನು ಅಂದಿನ ಭಾರತೀಯ ವೈದ್ಯಕೀಯ ಪರಿಷತ್ತು 2009ರಲ್ಲಿ ನಿಷೇಧಿಸಿತು. ಇಂಥ ಕೊಡುಗೆಗಳ ವೆಚ್ಚಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಲ್ಲದೆಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ತೀರ್ಪಿತ್ತಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಔಷಧ ಮಾರಾಟ ಸಂಹಿತೆಯು ಭಾಷಣಕಾರರ ಹೊರತು ಇತರ ವೈದ್ಯರ ಪ್ರಯಾಣ, ವಸತಿಗೆ ಕಂಪನಿ ಹಣ ಕೊಡಕೂಡದೆಂದೂ, ವಿದೇಶಗಳಲ್ಲಿ ಇಂಥ ಶಿಕ್ಷಣ ಕಾರ್ಯಕ್ರಮ ಏರ್ಪಡಿಸಕೂಡದೆಂದೂ ಹೇಳುತ್ತದೆ. ಪ್ರಾಯೋಜಕತ್ವ ಪಡೆಯುವುದಾದರೆ ವಿಷಯ ಹಾಗೂ ಭಾಷಣಕಾರರ ಪಟ್ಟಿ ಅಂತಿಮವಾದ ಬಳಿಕವೇ ಕಂಪನಿಯ ಬಾಗಿಲು ತಟ್ಟುವುದು, ಪಡೆದ ಮೊತ್ತವನ್ನು ಕಾರ್ಯಕ್ರಮಪಟ್ಟಿಯಲ್ಲೇ ಮುದ್ರಿಸುವುದು ಒಳಿತು.

ವಿದೇಶಿ ದೇಣಿಗೆಗೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಬೇಕು. ಆದರೆ ವಿದೇಶಿ ಪ್ರತಿನಿಧಿಗಳು ಪಾವತಿಸುವ, ಸಮ್ಮೇಳನದ ಖರ್ಚಿಗೇ ಬಳಕೆಯಾಗುವ ಶುಲ್ಕ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ.

ಖರ್ಚು ಯಾವುದಕ್ಕೆ?

ಸಂಸ್ಥೆಯದೇ ಸಭಾಂಗಣ, ಅತಿಥಿಗೃಹ ಇದ್ದಲ್ಲಿ ದೊಡ್ಡ ವೆಚ್ಚವೆಂದರೆ ಪ್ರಯಾಣ. ಹೆಸರಾಂತ ಭಾಷಣಕಾರರ ವಿಮಾನ ಟಿಕೆಟ್ಟಿಗೆ ಹಣ ಹೊಂದಿಸುವುದು ಕಷ್ಟವಲ್ಲ. ಕಡಿತ ಬೀಳುವುದು ಸಂಶೋಧನಾ ವಿದ್ಯಾರ್ಥಿಗಳ, ನೇತ್ರ ಬ್ಯಾಂಕ್ ತಂತ್ರಜ್ಞರ ಪ್ರಯಾಣ ಭತ್ಯೆಗೆ. ಇದು ತಪ್ಪು ಲೆಕ್ಕಾಚಾರ. 2021ರ ಅಕ್ಟೋಬರ್‌ನಲ್ಲಿ ನಟ ಪುನೀತ್ ರಾಜ್‌ಕುಮಾರ್ ನಿಧನರಾದಾಗ ಅವರ ಎರಡು ಕಾರ್ನಿಯಾಗಳನ್ನು ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಪದರಗಳಾಗಿ ಬೇರ್ಪಡಿಸಿ ನಾಲ್ವರಿಗೆ ಕಸಿ ಮಾಡಲಾಯಿತು. ಮುಂಭಾಗದ ಪದರ ಕೆಟ್ಟ ಇಬ್ಬರಿಗೆ ಮುಂಭಾಗ, ಹಿಂಭಾಗ ಕೆಟ್ಟ ಇಬ್ಬರಿಗೆ ಹಿಂಭಾಗ. ಇಂಥ ಶಸ್ತ್ರಚಿಕಿತ್ಸೆ ಫಲಿಸಬೇಕಾದರೆ ಮರಣಾನಂತರದ ಆರು ಗಂಟೆಗಳೊಳಗೆ ಅಂಗಾಂಶವನ್ನು ತೆಗೆದು, ಕೆಡದಂತೆ ಕಾಪಾಡಿ, ಅದರ ಒಳಪದರದ ಜೀವಕೋಶಗಳನ್ನು ಎಣಿಸುವ ಕೈ ಪಳಗಿರಬೇಕು. ಆ ಕೈ ತಂತ್ರಜ್ಞರದು. ಶುಲ್ಕ ವಿನಾಯಿತಿಯ ಪಟ್ಟಿಯಲ್ಲಿ ಅವರ ಹೆಸರೇ ಮೊದಲು ಬರಬೇಕು. ನೇತ್ರದಾನ ಪಾಕ್ಷಿಕ ಆಚರಿಸುವ ಆಗಸ್ಟ್ 25ರಿಂದ ಸೆಪ್ಟೆಂಬರ್ 8ರ ಅವಧಿಯನ್ನು ಬಿಟ್ಟು ದಿನಾಂಕ ನಿಗದಿಪಡಿಸಿದರೆ ಅವರಿಗೆ ಬಿಡುವೂ ಸಿಕ್ಕೀತು.