ಸೊಂಟದ ಕೀಲು ನೋವಿಗೆ ಆಪರೇಷನ್ ಒಂದೇ ದಾರಿಯೇ? ಪುಡಿ, ಎಣ್ಣೆ, ಇಂಜೆಕ್ಷನ್‌ಗಳಿಂದ ನಿಜಕ್ಕೂ ವಾಸಿಯಾಗುತ್ತದೆಯೇ?

ಸೊಂಟದ ಕೀಲು ನೋವಿನ ಬಗ್ಗೆ ವಾಟ್ಸ್ಆ್ಯಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಹರಿದಾಡುತ್ತವೆ. ‘ಈ ಪುಡಿ ತಿಂದರೆ ವಾರದಲ್ಲಿ ನೋವು ಮಾಯ, ಆಪರೇಷನ್ ಬೇಡವೇ ಬೇಡ’ ಎನ್ನುವುದು ಒಂದು. ‘ಕೀಲು ಸವೆದರೆ ಬದಲಿಸದೆ ಬೇರೆ ದಾರಿಯಿಲ್ಲ’ ಎನ್ನುವುದು ಇನ್ನೊಂದು. ಎರಡೂ ಪೂರ್ತಿ ನಿಜವಲ್ಲ. ಬಹುತೇಕರಿಗೆ ಶಸ್ತ್ರಚಿಕಿತ್ಸೆ ಇಲ್ಲದೆಯೇ ನೋವು ಹತೋಟಿಗೆ ಬರುತ್ತದೆ. ಆದರೆ ನೋವಿಗೆ ಕಾರಣ ಏನೆಂದು ಮೊದಲು ತಿಳಿಯಬೇಕು. ಕೆಲವು ಪುಡಿಗಳು ಕೀಲನ್ನೇ ಹಾಳು ಮಾಡಬಲ್ಲವು.

ನಿಮ್ಮ ನೋವು ನಿಜವಾಗಿ ಎಲ್ಲಿದೆ?

ನಾವು ‘ಸೊಂಟ ನೋವು’ ಎಂದಾಗ ಅದು ಬೆನ್ನಿನ ಕೆಳಭಾಗವೂ ಇರಬಹುದು, ತೊಡೆಯ ಮೇಲ್ಭಾಗವೂ ಇರಬಹುದು. ಹೊಂಬಳ, ಗದಗ, ಲಕ್ಷ್ಮೇಶ್ವರದ ಕಡೆ ಟೊಂಕ ಬೇರೆ, ಚಪ್ಪಿ ಬೇರೆ. ವೈದ್ಯರ ಮುಂದೆಯೂ ಈ ವ್ಯತ್ಯಾಸ ಹೇಳಿ, ಬೆರಳಿಟ್ಟು ಜಾಗ ತೋರಿಸಿ.

• ತೊಡೆಸಂದಿನಲ್ಲಿ ನೋವು, ಕಾಲುಗುರು ಕತ್ತರಿಸಲು ಅಥವಾ ಚಕ್ಕಳಮಕ್ಕಳ ಹಾಕಿ ಕೂರಲು ಕಷ್ಟ: ಸಾಮಾನ್ಯವಾಗಿ ಇದು ಸೊಂಟದ ಕೀಲಿನ ತೊಂದರೆ. ಕೆಲವರಿಗೆ ಈ ನೋವು ಮೊಣಕಾಲಿನಲ್ಲಷ್ಟೇ ಕಾಣಿಸಿಕೊಳ್ಳುತ್ತದೆ.
• ಚಪ್ಪಿಯ ಹೊರಮಗ್ಗುಲಲ್ಲಿ ನೋವು, ಆ ಮಗ್ಗುಲಿಗೆ ಮಲಗಲು ಆಗದು: ಹೆಚ್ಚಾಗಿ ಸ್ನಾಯು ಮೂಳೆಗೆ ಅಂಟುವ ಜಾಗದ ತೊಂದರೆ.
• ಟೊಂಕದಿಂದ ಕುಂಡೆಯ ಮೂಲಕ ಮೊಣಕಾಲಿನ ಕೆಳಗಿನವರೆಗೆ ಸೆಳೆತ, ಜೋಮು: ಹೆಚ್ಚಾಗಿ ಬೆನ್ನಿನ ನರದ ಮೇಲಿನ ಒತ್ತಡ.

ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಒಂದೇ ಎಣ್ಣೆ, ಒಂದೇ ಮಾತ್ರೆ ಮೂರನ್ನೂ ವಾಸಿ ಮಾಡಲಾರದು.

ನಮ್ಮ ಭಾಗದಲ್ಲಿ ನೀರೂ ಕಾರಣವೇ?

ಇರಬಹುದು. ಗದಗ ಜಿಲ್ಲೆಯ, ಅದರಲ್ಲೂ ಮುಂಡರಗಿ ತಾಲ್ಲೂಕಿನ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದರೂ 1.5 ಮೀರಬಾರದು ಎನ್ನುತ್ತದೆ ಭಾರತೀಯ ಮಾನದಂಡ. ಹೆಚ್ಚು ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆನ್ನು, ಸೊಂಟ, ಮೊಣಕಾಲು ಬಿಗಿಯುತ್ತವೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಕುಡಿಯಲು ಮತ್ತು ಅಡುಗೆಗೆ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ.

ಹಾಗೆಂದು ಎಲ್ಲ ನೋವಿಗೂ ನೀರನ್ನೇ ದೂರಬೇಡಿ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಹಲವರ ಸೊಂಟದ ಕೀಲು ಹಾಳಾದಾಗ, ಕೀಟನಾಶಕ ಬೆರೆತ ಗದ್ದೆಯ ಏಡಿ ತಿಂದದ್ದೇ ಕಾರಣ ಎಂಬ ಅನುಮಾನ ಹಬ್ಬಿತ್ತು. ಅದು ವಂಶವಾಹಿಯಿಂದ ಬರುವ ಕಾಯಿಲೆ ಎಂದು ಮುಂದೆ ತಿಳಿಯಿತು.

ಶಸ್ತ್ರಚಿಕಿತ್ಸೆ ಇಲ್ಲದ ದಾರಿಗಳು ಯಾವುವು?

1. ವ್ಯಾಯಾಮ. ಕೀಲು ಸವೆತಕ್ಕೂ ಹೊರಮಗ್ಗುಲ ನೋವಿಗೂ ಇದೇ ಮುಖ್ಯ ಚಿಕಿತ್ಸೆ. ಅಂಗಾತ ಮಲಗಿ, ಮೊಣಕಾಲು ಮಡಚಿ, ಕುಂಡೆಯನ್ನು ಮೇಲೆತ್ತಿ 5 ಸೆಕೆಂಡ್ ಹಿಡಿಯಿರಿ. ಗೋಡೆ ಹಿಡಿದು ನಿಂತು, ಕಾಲನ್ನು ಪಕ್ಕಕ್ಕೆ ನಿಧಾನವಾಗಿ ಎತ್ತಿ ಇಳಿಸಿ. ಒಂದೊಂದನ್ನೂ 8ರಿಂದ 10 ಸಲ ಮಾಡಿ. ಆರಂಭದಲ್ಲಿ ಸ್ವಲ್ಪ ನೋವಾದರೆ ಹೆದರಬೇಡಿ. ಮರುದಿನವೂ ಹೆಚ್ಚೇ ಇದ್ದರೆ ಎಣಿಕೆ ಇಳಿಸಿ. ಫಲ ಕಾಣಲು 6ರಿಂದ 12 ವಾರ ಬೇಕು. ಒಮ್ಮೆ ಫಿಸಿಯೋಥೆರಪಿಸ್ಟ್ ಬಳಿ ಕಲಿತು ಮನೆಯಲ್ಲಿ ಮುಂದುವರಿಸುವುದು ಒಳ್ಳೆಯದು.

2. ಕೋಲು. ನೋಯುವ ಕಾಲಿನ ಕಡೆಯಲ್ಲ, ಎದುರು ಕೈಯಲ್ಲಿ ಹಿಡಿಯಬೇಕು. ಬಲಗಡೆ ನೋವಿದ್ದರೆ ಎಡಗೈಯಲ್ಲಿ ಕೋಲು. ಕೋಲು ಮತ್ತು ಬಲಗಾಲು ಒಟ್ಟಿಗೆ ಮುಂದೆ ಹೋಗಲಿ. ಬಹಳ ಜನ ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ.

3. ಭಾರ ಇಳಿಸುವುದು. ನಡೆಯುವಾಗ ಸೊಂಟದ ಕೀಲಿನ ಮೇಲೆ ದೇಹದ ತೂಕದ ಎರಡು ಮೂರು ಪಟ್ಟು ಒತ್ತಡ ಬೀಳುತ್ತದೆ. ಹಾಗಾಗಿ ಸ್ವಲ್ಪ ತೂಕ ಇಳಿದರೂ ಹಗುರಾಗುತ್ತದೆ. ಮೆಣಸಿನಕಾಯಿ, ಉಳ್ಳಾಗಡ್ಡಿ ಹೊಲದಲ್ಲಿ ಕುಕ್ಕರುಗಾಲಲ್ಲಿ ಕೂತು ಕಸ ತೆಗೆಯುವವರು ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕಬೇಕು. ಮನೆಯಲ್ಲಿ ಎತ್ತರದ ಕುರ್ಚಿ, ಶೌಚಕ್ಕೆ ಕಮೋಡ್ ಕುರ್ಚಿ ಬಳಸಿ. ಹೊರಮಗ್ಗುಲ ನೋವಿದ್ದರೆ ಕಾಲಿನ ಮೇಲೆ ಕಾಲು ಹಾಕಿ ಕೂರಬೇಡಿ. ಮಲಗುವಾಗ ಮೊಣಕಾಲುಗಳ ನಡುವೆ ದಿಂಬು ಇಟ್ಟುಕೊಳ್ಳಿ.

4. ನೋವಿನ ಮಾತ್ರೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥವು ಕೆಲ ದಿನಗಳ ಮಟ್ಟಿಗೆ ಉಪಯುಕ್ತ. ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಹುಣ್ಣು ಆಗಬಹುದು, ಕಿಡ್ನಿ ಕೆಡಬಹುದು. ಬಿಪಿ, ಹೃದಯ ಅಥವಾ ಕಿಡ್ನಿ ತೊಂದರೆ ಇರುವವರು ಮೊದಲೇ ವೈದ್ಯರಿಗೆ ತಿಳಿಸಬೇಕು.

5. ಇಂಜೆಕ್ಷನ್. ವೈದ್ಯರು ಕೀಲಿನೊಳಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರಗಳಿಂದ ಕೆಲವು ತಿಂಗಳು ಆರಾಮ ಕೊಡಬಹುದು. ಆ ಅವಧಿಯಲ್ಲಿ ವ್ಯಾಯಾಮ ಮಾಡಿದರೆ ಲಾಭ. ಪದೇ ಪದೇ ಹಾಕಿಸುವುದು ಸರಿಯಲ್ಲ. ದುಬಾರಿ ಪಿಆರ್‌ಪಿ ಇಂಜೆಕ್ಷನ್ ಸವೆದ ಮೃದ್ವಸ್ಥಿಯನ್ನು ಮತ್ತೆ ಬೆಳೆಸುತ್ತದೆ ಎಂಬುದು ಸಾಬೀತಾಗಿಲ್ಲ.

ಎಣ್ಣೆ ತಿಕ್ಕಿದರೆ, ಬಿಸಿ ಶಾಖ ಕೊಟ್ಟರೆ?

ಸ್ನಾಯು ಸಡಿಲಾಗಿ ಹಾಯೆನಿಸುತ್ತದೆ. ಅಷ್ಟಕ್ಕೆ ಮಾಡಿಕೊಳ್ಳಿ, ತಪ್ಪಿಲ್ಲ. ಆದರೆ ಸೊಂಟದ ಕೀಲು ದಪ್ಪ ಸ್ನಾಯುಗಳ ಆಳದಲ್ಲಿದೆ. ಮೇಲೆ ಹಚ್ಚಿದ ಎಣ್ಣೆ ಅಲ್ಲಿಗೆ ಇಳಿದು ಸವೆತವನ್ನು ಸರಿ ಮಾಡದು.

ಹೆಸರಿಲ್ಲದ ಪುಡಿ ಏಕೆ ಅಪಾಯ?

ಒಂದೆರಡು ದಿನದಲ್ಲೇ ನೋವು ಮಾಯವಾಗಿ, ಹಸಿವು ಹೆಚ್ಚಿ, ಮುಖ ಊದಿಕೊಂಡರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರುವ ಸಾಧ್ಯತೆ ಇದೆ. ದೀರ್ಘಕಾಲದ ಸ್ಟೀರಾಯ್ಡ್ ಸೇವನೆ ತೊಡೆಮೂಳೆಯ ತಲೆಗೆ ಹೋಗುವ ರಕ್ತ ಸಂಚಾರವನ್ನು ಕೆಡಿಸುತ್ತದೆ. ಮೂಳೆ ಒಳಗೇ ಸತ್ತು ಕುಸಿಯುತ್ತದೆ. ಇದನ್ನು ಅವಾಸ್ಕ್ಯುಲರ್ ನೆಕ್ರೋಸಿಸ್ ಎನ್ನುತ್ತಾರೆ. ವಿಪರೀತ ಮದ್ಯಪಾನವೂ ಇದಕ್ಕೆ ದೊಡ್ಡ ಕಾರಣ. ಅಂದರೆ ಆಪರೇಷನ್ ತಪ್ಪಿಸಲು ತಿಂದ ಪುಡಿಯೇ ಆಪರೇಷನ್ನಿಗೆ ದಾರಿ ಮಾಡಬಹುದು. ಇಂಥ ಪುಡಿಯನ್ನು ಬಹುಕಾಲದಿಂದ ತಿನ್ನುತ್ತಿದ್ದರೆ ತಟ್ಟನೆ ನಿಲ್ಲಿಸುವುದೂ ಅಪಾಯ. ಪೊಟ್ಟಣದ ಸಮೇತ ವೈದ್ಯರ ಬಳಿ ಹೋಗಿ.

ಯಾವಾಗ ಕಾಯಲೇಬಾರದು?

• ವಯಸ್ಸಾದವರು ಬಿದ್ದು, ಕಾಲೂರಲು ಆಗದಿದ್ದರೆ ಅಥವಾ ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ: ಮೂಳೆ ಮುರಿದಿರಬಹುದು. ತಿಕ್ಕಿಸಬೇಡಿ, ಕಟ್ಟು ಹಾಕಿಸಬೇಡಿ, 108ಕ್ಕೆ ಕರೆ ಮಾಡಿ. ಇಲ್ಲಿ ಸಾಮಾನ್ಯವಾಗಿ ಆಪರೇಷನ್ನೇ ಸುರಕ್ಷಿತ. ಹಾಸಿಗೆ ಹಿಡಿದರೆ ನ್ಯುಮೋನಿಯಾ, ಬೆನ್ನುಹುಣ್ಣು, ರಕ್ತ ಹೆಪ್ಪುಗಟ್ಟುವಿಕೆ ಪ್ರಾಣಕ್ಕೇ ಕುತ್ತು ತರಬಹುದು.
• ಜ್ವರದ ಜತೆ ತೀವ್ರ ನೋವು, ಅಥವಾ ಮಗು ಇದ್ದಕ್ಕಿದ್ದಂತೆ ಕುಂಟಿದರೆ: ಅದೇ ದಿನ ತೋರಿಸಿ.
• ಎರಡೂ ಕಾಲಿಗೆ ಜೋಮು, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ: ತುರ್ತಾಗಿ ಆಸ್ಪತ್ರೆಗೆ ಹೋಗಿ.
• ರಾತ್ರಿ ನಿದ್ದೆ ಕೆಡಿಸುವ, ತೂಕ ಇಳಿಸುವ ನೋವು: ತಡಮಾಡದೆ ತಪಾಸಣೆ ಮಾಡಿಸಿ.

ಉಳಿದವರು ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಎಕ್ಸ್-ರೇ, ಎಲುಬು-ಕೀಲು ತಜ್ಞರು ಬೇಕಾದರೆ ಗದಗದಲ್ಲಿ ಸರ್ಕಾರಿ ಜಿಮ್ಸ್ ಆಸ್ಪತ್ರೆ ಇದೆ. ಕೆಲವು ತಿಂಗಳು ಸರಿಯಾಗಿ ಪ್ರಯತ್ನಿಸಿಯೂ ನಿದ್ದೆ, ನಡಿಗೆ ಎರಡೂ ಕಷ್ಟವಾಗಿ, ಎಕ್ಸ್-ರೇಯಲ್ಲಿ ಕೀಲು ತೀರಾ ಸವೆದಿದ್ದರೆ ಆಗ ಕೀಲು ಬದಲಾವಣೆಯ ಮಾತು ಬರುತ್ತದೆ. ಅದಕ್ಕೂ ಹೆದರಬೇಕಿಲ್ಲ.

ಕೊನೆಯ ಮಾತು: ‘ಆಪರೇಷನ್ ಬೇಡ’ ಎಂಬ ಸಂದೇಶ ಬಂದಾಗ ಅದು ಯಾವ ನೋವಿನ ಬಗ್ಗೆ ಹೇಳುತ್ತಿದೆ, ಔಷಧದಲ್ಲಿ ಏನೇನಿದೆ ಎಂದು ನೋಡಿ. ಎರಡಕ್ಕೂ ಉತ್ತರ ಇಲ್ಲದಿದ್ದರೆ ಫಾರ್ವರ್ಡ್ ಮಾಡಬೇಡಿ.