ಚರ್ಚಿನ ಬೆಂಚುಗಳಲ್ಲಿ ಒಂದು ಊರಿನ ವಂಶಾವಳಿ

ಇವತ್ತಿನ ಕಥೆ ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿರೋ ಮಿಡಲ್ ಅನ್ನೋ ಪುಟ್ಟ ಪ್ಯಾರಿಷ್‌ನದ್ದು. ಪ್ಯಾರಿಷ್ ಅಂದ್ರೆ ಒಂದು ಚರ್ಚು, ಅದಕ್ಕೆ ಸೇರಿದ ಸುತ್ತಲಿನ ಹಳ್ಳಿಗಳು. ಆ ಕಾಲದಲ್ಲಿ ಬಡವರನ್ನು ನೋಡಿಕೊಳ್ಳುವ ಹೊಣೆಯೂ ಪ್ಯಾರಿಷ್‌ನದ್ದೇ.

1538ರಲ್ಲಿ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಒಂದು ಆಜ್ಞೆ ಹೊರಡಿಸಿದ. ಪ್ರತಿ ಪ್ಯಾರಿಷ್ ತನ್ನಲ್ಲಿ ನಡೆದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕು ಅಂತ. ಇಂಗ್ಲೆಂಡಿನಲ್ಲಿ ವಂಶಾವಳಿ ಹುಡುಕುವವರು ಇವತ್ತಿಗೂ ಹೋಗೋದು ಈ ರಿಜಿಸ್ಟರುಗಳ ಹತ್ತಿರವೇ. ಆದರೆ ಅದರಲ್ಲಿ ಒಂದು ದೊಡ್ಡ ಕೊರತೆ ಇದೆ. ಊರು ಬಿಟ್ಟು ಹೋಗಿ ಎಲ್ಲೋ ಸತ್ತವನ ಹೆಸರು ಅವನೂರಿನ ಪುಟದಲ್ಲಿ ಸಾಮಾನ್ಯವಾಗಿ ಸಿಗೋದಿಲ್ಲ. ಹುಟ್ಟಿದ್ದು ಗೊತ್ತಾಗುತ್ತೆ, ಆಮೇಲೆ ಏನಾದ ಅನ್ನೋದು ಖಾಲಿ.

ಮಿಡಲ್‌ನಲ್ಲಿ ಆ ಖಾಲಿ ಜಾಗವನ್ನು ಸ್ವಲ್ಪ ತುಂಬಿಸಿದವನು ರಿಚರ್ಡ್ ಗಾಫ್. 1635ರಲ್ಲಿ ಅದೇ ಪ್ಯಾರಿಷ್‌ನಲ್ಲಿ ಹುಟ್ಟಿದವನು. ಅರವತ್ತು ದಾಟಿದ ಮೇಲೆ, 1701ರ ಸುಮಾರಿಗೆ, ಚರ್ಚಿನ ಆಸನಗಳ ನಕ್ಷೆ ಬರೆದು, ಒಂದೊಂದೇ ಬೆಂಚು ಹಿಡಿದು ಅಲ್ಲಿ ಕೂರುವ ಮನೆತನಗಳ ಕಥೆ ಬರೆಯುತ್ತಾ ಹೋದ. ಆಸನದ ಹಕ್ಕು ಬರ್ತಿದ್ದದ್ದು ಜಮೀನಿನಿಂದ, ಮನೆಯಿಂದ. ಮುಂದೆ ದೊಡ್ಡ ಮನೆತನದವರು, ನಡುವೆ ರೈತರು, ಹಿಂದೆ ಗುಡಿಸಲಿನವರು. ನನಗೆ ಇಷ್ಟವಾಗೋದು ಏನಂದ್ರೆ, ಗಾಫ್ ಹಿಂದಿನ ಬೆಂಚಿನವರನ್ನೂ ಬಿಡಲಿಲ್ಲ. ಕುಡಿದು ಆಸ್ತಿ ಕಳೆದವರು, ಕಳ್ಳರು, ಲಂಡನ್ನಿಗೆ ಹೋದ ಹುಡುಗರು, ಎಲ್ಲರೂ ಇದ್ದಾರೆ.

1642ರಲ್ಲಿ ಅಂತರ್ಯುದ್ಧ ಶುರುವಾದಾಗ ಗಾಫ್ ಇನ್ನೂ ಹುಡುಗ. ಮಿಡಲ್, ಮಾರ್ಟನ್, ನ್ಯೂಟನ್ ಈ ಮೂರೇ ಊರುಗಳಿಂದ 20 ಜನ ಯುದ್ಧಕ್ಕೆ ಹೋದರು, 13 ಜನ ಸತ್ತರು ಅಂತ ಲೆಕ್ಕ ಕೊಡ್ತಾನೆ. ಅವರಲ್ಲೊಬ್ಬ ರಿಚರ್ಡ್ ಚಾಲೋನರ್. ಮದುವೆಯಾಚೆ ಹುಟ್ಟಿದವನು, ಪ್ಯಾರಿಷ್ ದುಡ್ಡಿನಲ್ಲಿ ಅಷ್ಟಿಷ್ಟು ಬೆಳೆದವನು. ಸೈನ್ಯಕ್ಕೆ ಸೇರಿ ಎಜ್‌ಹಿಲ್ ಕದನಕ್ಕೆ ಹೋದ. ಆಮೇಲೆ ಸುದ್ದಿಯೇ ಇಲ್ಲ.

ಯಾವ ಆಸ್ತಿಯೂ ಇಲ್ಲದ ಆ ಹುಡುಗನಿಗೆ ಏನಾಯ್ತು ಅಂತ ಸುಮಾರು 60 ವರ್ಷದ ನಂತರ ಬರೆದಿಟ್ಟವನು ಅವನ ಊರಿನ ಒಬ್ಬ ಮುದುಕ. ಆ ಬರಹ ಮೊದಲು ಅಚ್ಚಾಗಿದ್ದೇ 1834ರಲ್ಲಿ, ಗಾಫ್ ತೀರಿಹೋಗಿ ನೂರು ವರ್ಷ ಕಳೆದ ಮೇಲೆ.

ನಿಮ್ಮ ಮನೆತನದ ಚರಿತ್ರೆ ಬರೆಯೋ ಆಸೆ ಇದ್ದರೆ ಗಾಫ್‌ನ ದಾರಿ ಹಿಡಿದು ನೋಡಿ. ವಂಶವೃಕ್ಷಕ್ಕಿಂತ ಮೊದಲು ನಿಮ್ಮ ಬೀದಿಯ ನಕ್ಷೆ ಬರೆಯಿರಿ. ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಮನೆ ತೋರಿಸಿ ಕೇಳಿ: ಇಲ್ಲಿಂದ ಯಾರು ಹೊರಟರು, ಎಲ್ಲಿಗೆ ಹೋದರು?