ಉಗ್ರಾಣದಲ್ಲಿ ಕಳೆಯುವ ಆಯುಷ್ಯ

‘ಟಾಪ್ ಗನ್’ ಸಿನಿಮಾವನ್ನು ನಾನು ಮೊದಲ ಸಲ ನೋಡಿದ್ದು ಹಾಸ್ಟೆಲಿನ ಟಿವಿಯಲ್ಲಿ, ಪರೀಕ್ಷೆಯ ಹಿಂದಿನ ರಾತ್ರಿ. 1986ರ ಆ ಚಿತ್ರದ ಆರಂಭದಲ್ಲಿ, 1969ರ ಮಾರ್ಚ್ 3ರಂದು ಅಮೆರಿಕದ ನೌಕಾಪಡೆ ತನ್ನ ಆಯ್ದ ಪೈಲಟ್‌ಗಳಿಗಾಗಿ ಒಂದು ಶಾಲೆ ತೆರೆಯಿತು ಎಂಬ ಒಕ್ಕಣೆ ಬರುತ್ತದೆ. ಆಮೇಲೆ ಬರುವುದೆಲ್ಲ ವೇಗ, ಬೈಕು, ಕಪ್ಪು ಕನ್ನಡಕ. ಅಂಥದೊಂದು ಶಾಲೆ ಯಾಕೆ ಬೇಕಾಯಿತು ಎಂದು ಕೇಳಿಕೊಳ್ಳುವ ವಯಸ್ಸು ನನ್ನದಾಗಿರಲಿಲ್ಲ.

ರಜೆಗೆ ಊರಿಗೆ ಹೋದಾಗ ಚಿಕ್ಕಪ್ಪನ ಮುಂದೆ ಇಡೀ ಕಥೆಯನ್ನು ಒಪ್ಪಿಸಿದೆ. ಅವರು ವಾಯುಪಡೆಯಲ್ಲಿ ಶಸ್ತ್ರಾಸ್ತ್ರಗಳ ಉಸ್ತುವಾರಿ ನೋಡಿಕೊಂಡು ನಿವೃತ್ತರಾದವರು. ಪೂರ್ತಿ ಕೇಳಿಸಿಕೊಂಡು, “ಹಾರಿಸೋನ ಸಿನಿಮಾ ತೆಗೀತಾರೆ ಕಣೋ, ಪೆಟ್ಟಿಗೆ ಕಾಯೋನದ್ದು ಯಾರು ತೆಗೀತಾರೆ?” ಎಂದು ನಕ್ಕರು. ಪೆಟ್ಟಿಗೆಯೊಳಗೆ ತೇವ ಹೀರುವ ಹರಳುಗಳಿರುತ್ತವೆ, ನೀಲಿ ಇದ್ದದ್ದು ಗುಲಾಬಿಗೆ ತಿರುಗಿತೆಂದರೆ ಒಳಗೆ ತೇವ ಸೇರಿದೆ ಎಂದರ್ಥ, ಆ ಬಣ್ಣ ನೋಡುತ್ತಲೇ ತಮ್ಮ ಅರ್ಧ ನೌಕರಿ ಕಳೆಯಿತು ಎಂದರು. ಆಗ ಅದು ತಮಾಷೆಯಾಗಿ ಕಂಡಿತ್ತು. ವರ್ಷಗಳ ನಂತರ ಟಾಪ್ ಗನ್ ಶಾಲೆಯ ಮೂಲ ಹುಡುಕಿಕೊಂಡು ಹೋದಾಗ ನನಗೆ ಸಿಕ್ಕಿದ್ದು ಚಿಕ್ಕಪ್ಪನ ಪೆಟ್ಟಿಗೆಯೇ.

ಮೂಲ ಇರುವುದು ವಿಯೆಟ್ನಾಂ ಯುದ್ಧದಲ್ಲಿ. 1950ರ ದಶಕದಲ್ಲಿ ವಿಮಾನದಿಂದ ವಿಮಾನಕ್ಕೆ ಹಾರಿಸುವ ಕ್ಷಿಪಣಿಗಳು ಬಂದಾಗ, ವಿಮಾನದ ಫಿರಂಗಿಯ ಕಾಲ ಮುಗಿಯಿತೆಂದು ಬಹಳ ಜನ ನಂಬಿದರು. ನೌಕಾಪಡೆಯ ಎಫ್-4 ಫ್ಯಾಂಟಮ್ ವಿಮಾನದಲ್ಲಿ ಒಳಗೇ ಕೂಡಿಸಿದ ಫಿರಂಗಿ ಇರಲಿಲ್ಲ. ಅದು ನೆಚ್ಚಿಕೊಂಡಿದ್ದು ಎರಡು ಬಗೆಯ ಕ್ಷಿಪಣಿಗಳನ್ನು: ಎದುರಾಳಿಯ ಎಂಜಿನ್ನಿನ ಬಿಸಿಯ ಜಾಡು ಹಿಡಿಯುವ ಸೈಡ್‌ವೈಂಡರ್, ವಿಮಾನದ ರೇಡಾರ್ ತೋರಿಸಿದ ಗುರಿಯತ್ತ ಸಾಗುವ ಸ್ಪ್ಯಾರೋ. 1965ರ ಜೂನ್‌ನಿಂದ 1968ರ ಸೆಪ್ಟೆಂಬರ್‌ವರೆಗೆ ಸುಮಾರು 360 ಕಾಳಗಗಳಲ್ಲಿ ಅಮೆರಿಕದ ಪೈಲಟ್‌ಗಳು ಸುಮಾರು 600 ಕ್ಷಿಪಣಿಗಳನ್ನು ಹಾರಿಸಿದರು. ಗುರಿ ಕೆಡವಿದ್ದು ಹತ್ತಕ್ಕೆ ಒಂದು.

ಯಾಕೆ ಹೀಗೆ ಎಂದು ತಿಳಿಯಲು ನೌಕಾಪಡೆ 1968ರಲ್ಲಿ ಕ್ಯಾಪ್ಟನ್ ಫ್ರಾಂಕ್ ಆಲ್ಟ್ ಎಂಬ ಅಧಿಕಾರಿಯನ್ನು ನೇಮಿಸಿತು. ಅವರು ಕೋರಲ್ ಸೀ ಎಂಬ ವಿಮಾನವಾಹಕ ನೌಕೆಯ ಮುಖ್ಯಸ್ಥರಾಗಿದ್ದವರು. ಪೈಲಟ್‌ಗಳ ತಪ್ಪು ಹುಡುಕುವುದು ಅವರಿಗೆ ಸುಲಭವಿತ್ತು. ಆದರೆ ಅವರು ಕ್ಷಿಪಣಿಯ ಜೀವನವನ್ನು ಹುಟ್ಟಿನಿಂದ ಕೊನೆಯವರೆಗೆ ಹಿಂಬಾಲಿಸಿ, ಐದು ಪ್ರಶ್ನೆಗಳಿಗೆ ಐದು ತಂಡಗಳನ್ನು ಕಟ್ಟಿದರು. ಕಾರ್ಖಾನೆ ಒಳ್ಳೆಯ ಮಾಲನ್ನು ಕೊಡುತ್ತಿದೆಯೇ? ಅದನ್ನು ಪಡೆಗೆ ತಲುಪಿಸುವ ವ್ಯವಸ್ಥೆ ಸರಿಯಿದೆಯೇ? ಹಡಗು ಮತ್ತು ಸ್ಕ್ವಾಡ್ರನ್ನುಗಳಲ್ಲಿ ಅದು ಸುಸ್ಥಿತಿಯಲ್ಲಿ ವಿಮಾನದ ಜೊತೆ ಮೇಲೇರುತ್ತಿದೆಯೇ? ಪೈಲಟ್‌ಗೆ ಅದನ್ನು ಬಳಸಲು ಬರುತ್ತದೆಯೇ? ಕೆಟ್ಟದ್ದು ದುರಸ್ತಿಯಾಗಿ ಮೊದಲಿನ ಗುಣಮಟ್ಟದಲ್ಲೇ ವಾಪಸು ಬರುತ್ತಿದೆಯೇ?

ಐದರಲ್ಲಿ ಪೈಲಟ್‌ನ ಪಾಲಿಗೆ ಬಂದದ್ದು ಒಂದೇ ಪ್ರಶ್ನೆ. ಇನ್ನುಳಿದ ನಾಲ್ಕೂ ಕೊಳ್ಳುವುದಕ್ಕೆ, ಕಾಪಾಡುವುದಕ್ಕೆ ಸೇರಿದವು.

ಕ್ಷಿಪಣಿ ಎಂದರೆ ಬಂದೂಕಿನ ಗುಂಡಿನ ದೊಡ್ಡಣ್ಣ ಎಂದು ನಾನು ತಿಳಿದಿದ್ದೆ. ಅದರ ಬದುಕು ಬೇರೆಯೇ. ತಲೆಯಲ್ಲಿ ಗುರಿ ಹುಡುಕುವ ಸೂಕ್ಷ್ಮ ಯಂತ್ರ, ನಡುವೆ ಸಿಡಿತಲೆ, ಹಿಂದೆ ಘನ ಇಂಧನ, ಒಂದೇ ಸಲ ಉರಿದು ವಿದ್ಯುತ್ತು ಕೊಟ್ಟು ಮುಗಿಯುವ ಬ್ಯಾಟರಿ. ಹಳೆಯ ಸ್ಪ್ಯಾರೋಗಳಲ್ಲಿ, ನಮ್ಮ ತಾತಂದಿರ ರೇಡಿಯೋಗಳಲ್ಲಿದ್ದಂತೆ, ಗಾಜಿನ ವಾಲ್ವುಗಳಿದ್ದವು. ಹಡಗಿನ ಹೊಟ್ಟೆಯ ಮದ್ದಿನ ಕೋಣೆಯಿಂದ ಅದನ್ನು ಹೊರತೆಗೆದು, ಜೋಡಿಸಿ, ಡೆಕ್ಕಿಗೆ ತಂದು ವಿಮಾನಕ್ಕೆ ತೂಗುಹಾಕುತ್ತಾರೆ. ವಿಮಾನವನ್ನು ಕವಣೆ ಕಲ್ಲಿನಂತೆ ಎಸೆದು ಹಾರಿಸುತ್ತಾರೆ. ಬಹಳ ಸಲ ಶತ್ರು ಸಿಗುವುದೇ ಇಲ್ಲ. ಆಗ ಅದೇ ಕ್ಷಿಪಣಿ, ಹಡಗಿನ ಮೇಲೆ ಧಡ್ಡೆಂದು ಇಳಿಯುವ ವಿಮಾನದ ಜೊತೆಯಲ್ಲೇ ವಾಪಸು ಬರುತ್ತದೆ. ನಾಳೆ ಮತ್ತೆ ಹೋಗುತ್ತದೆ. ಕಡಲಿನ ಉಪ್ಪು ಗಾಳಿ, ಮಳೆಗಾಲದ ತೇವ, ಗಂಟೆಗಟ್ಟಲೆ ನಡುಕ. ಕೊನೆಗೊಂದು ದಿನ ಗುಂಡಿ ಒತ್ತಿದಾಗ ಮೋಟಾರು ಹೊತ್ತಿಕೊಳ್ಳುವುದಿಲ್ಲ, ಇಲ್ಲವೇ ಗುರಿ ಮುಟ್ಟಿಯೂ ಸಿಡಿಯುವುದಿಲ್ಲ. ಆ ಸೆಕೆಂಡಿನಲ್ಲಿ ಕೈಕೊಟ್ಟದ್ದು ತಿಂಗಳುಗಟ್ಟಲೆ ಹಿಂದೆ ಎಲ್ಲೋ ಕೆಟ್ಟಿರುತ್ತದೆ.

1969ರ ಜನವರಿಯಲ್ಲಿ ಆಲ್ಟ್ ಕೊಟ್ಟ ವರದಿಯಲ್ಲಿ 242 ಶಿಫಾರಸುಗಳಿದ್ದವು. ಅವುಗಳಲ್ಲೊಂದರಿಂದ ಹುಟ್ಟಿದ್ದು ಟಾಪ್ ಗನ್ ಶಾಲೆ. ಒಂದು ವಿಮಾನ ಕಳೆದುಕೊಂಡರೆ ಎದುರಾಳಿಯದು ಎರಡೋ ಮೂರೋ ಬೀಳುತ್ತಿದ್ದದ್ದು, 1972ರ ಕಾಳಗಗಳಲ್ಲಿ ನೌಕಾಪಡೆಯ ಮಟ್ಟಿಗೆ ಸುಮಾರು ಹನ್ನೆರಡಕ್ಕೇರಿತು. ಶಾಲೆಗೆ ಅದರ ಕೀರ್ತಿ ಸಲ್ಲಬೇಕಾದದ್ದೇ. ಆದರೆ ಸಾಗಣೆ, ತಪಾಸಣೆ, ದುರಸ್ತಿಗಳ ಕುರಿತ ಶಿಫಾರಸುಗಳಿಗೆ ಸಿನಿಮಾದಲ್ಲಿ ಜಾಗ ಸಿಗಲಿಲ್ಲ.

ಆ ಸಿನಿಮಾದ ನಾಯಕ ಹಾರಿಸುವ ಎಫ್-14 ವಿಮಾನಕ್ಕೂ ಇದೇ ಪಾಠದ ಇನ್ನೊಂದು ಅಧ್ಯಾಯವಿದೆ. ಅಮೆರಿಕವನ್ನು ಬಿಟ್ಟರೆ ಅದನ್ನು ಕೊಂಡ ದೇಶ ಒಂದೇ, ಷಾ ಆಳ್ವಿಕೆಯ ಇರಾನ್. 80 ವಿಮಾನಗಳಿಗೆ ಹಣ ಕಟ್ಟಿತು, 79 ಕೈಸೇರಿದವು. ಅವುಗಳ ಜೊತೆಗೆ 150 ಕಿಲೋಮೀಟರಿಗೂ ದೂರ ಹೋಗಬಲ್ಲ ಫೀನಿಕ್ಸ್ ಕ್ಷಿಪಣಿಗಳು, ಸುಮಾರು 280. ಆ ಕಾಲಕ್ಕೆ ಅಂಥದು ಬೇರೆ ಯಾವ ದೇಶದ ಕೈಯಲ್ಲೂ ಇರಲಿಲ್ಲ. 1979ರಲ್ಲಿ ಕ್ರಾಂತಿಯಾಯಿತು. ಬಾಕಿಯಿದ್ದ ಕ್ಷಿಪಣಿಗಳು ಬರಲಿಲ್ಲ, ಬಿಡಿಭಾಗಗಳೂ ನಿಂತವು, ಅಮೆರಿಕದ ತಂತ್ರಜ್ಞರು ಮನೆಗೆ ಹೋದರು. ಮರುವರ್ಷವೇ ಇರಾಕ್ ಜೊತೆ ಯುದ್ಧ.

ಇರಾನಿನ ಬಳಿ ಪೈಲಟ್‌ಗಳಿದ್ದರು, ವಿಮಾನವಿತ್ತು, ಕ್ಷಿಪಣಿಯೂ ಇತ್ತು. ಇಲ್ಲದ್ದು ಆಲ್ಟ್ ಕೇಳಿದ ನಾಲ್ಕು ಪ್ರಶ್ನೆಗಳಿಗೆ ಸ್ವಂತ ಉತ್ತರ. ಆದರೂ ಅವರ ಮೆಕ್ಯಾನಿಕ್ಕುಗಳು ಒಂದು ವಿಮಾನದ ಭಾಗ ಕಿತ್ತು ಇನ್ನೊಂದಕ್ಕೆ ಹಾಕಿ ಎಂಟು ವರ್ಷ ಯುದ್ಧ ನಡೆಸಿದರು. ನೆಲದಿಂದ ಹಾರಿಸುವ ಹಾಕ್ ಕ್ಷಿಪಣಿಯನ್ನೇ ಎಫ್-14ಕ್ಕೆ ಕಟ್ಟಿ ಹಾರಿಸಲೂ ನೋಡಿದರು. 2006ರಲ್ಲಿ ಅಮೆರಿಕ ತನ್ನ ಎಫ್-14ಗಳನ್ನು ನಿವೃತ್ತಿಗೊಳಿಸಿದ ಮೇಲೆ, ಬಿಡಿಭಾಗಗಳು ಇರಾನಿಗೆ ಸೇರಬಾರದೆಂದು ಹಳೆಯ ವಿಮಾನಗಳನ್ನು ಚೂರುಚೂರು ಮಾಡಿತು. ಗುಜರಿಗೆ ಹೋಗಬೇಕಾದ ಕಬ್ಬಿಣಕ್ಕೂ ಅಷ್ಟು ಬೆಲೆ. ಚಿಕ್ಕಪ್ಪನಿಗೆ ಇದನ್ನು ಹೇಳಿದಾಗ ಅವರಿಗೆ ಅಚ್ಚರಿಯಾಗಲಿಲ್ಲ. “ಆನೆ ಕೊಂಡೋರು ಅಂಕುಶನೂ ಅವತ್ತೇ ಕೊಂಡ್ಕೋಬೇಕು ಮಗ” ಎಂದರು.

ನಾವೂ ಬಹುಕಾಲ ಆನೆಯನ್ನು ಹೊರಗಿನಿಂದ ಕೊಂಡವರೇ. 1963ರಲ್ಲಿ ಸೋವಿಯತ್ ಒಕ್ಕೂಟದಿಂದ ಬಂದ ಮಿಗ್-21ಗೆ ಕೆ-13 ಕ್ಷಿಪಣಿಯಿತ್ತು. ಅದರ ಹುಟ್ಟೂ ಒಂದು ಕೆಟ್ಟ ಕ್ಷಿಪಣಿಯಿಂದಲೇ ಆಯಿತು. 1958ರ ಸೆಪ್ಟೆಂಬರ್‌ನಲ್ಲಿ ತೈವಾನಿನ ವಿಮಾನಗಳು ಹಾರಿಸಿದ ಸೈಡ್‌ವೈಂಡರುಗಳಲ್ಲೊಂದು ಚೀನಾದ ಮಿಗ್-17ಕ್ಕೆ ಬಡಿದು, ಸಿಡಿಯದೆ ಸಿಕ್ಕಿಕೊಂಡಿತು. ವಿಮಾನ ಹಾಗೇ ಹೋಗಿ ಇಳಿಯಿತು. ಆ ಕ್ಷಿಪಣಿ ಸೋವಿಯತ್ ಎಂಜಿನಿಯರುಗಳ ಕೈಸೇರಿ, ಅದನ್ನು ಬಿಚ್ಚಿ ನೋಡಿ ಅವರು ಮಾಡಿದ್ದು ಕೆ-13. ಹೀಗಾಗಿ 1971ರ ಯುದ್ಧದಲ್ಲಿ ಪಾಕಿಸ್ತಾನದ ಸೈಡ್‌ವೈಂಡರ್, ನಮ್ಮ ಕೆ-13 ಎರಡೂ ಒಂದೇ ಬಳ್ಳಿಯ ಕಾಯಿಗಳಾಗಿದ್ದವು. 1991ರಲ್ಲಿ ಸೋವಿಯತ್ ಒಕ್ಕೂಟವೇ ಒಡೆದಾಗ ಬಿಡಿಭಾಗಗಳಿಗೆ ಪರದಾಡುವ ಸರದಿ ನಮ್ಮದಾಯಿತು. ಇರಾನಿನಷ್ಟಲ್ಲದಿದ್ದರೂ, ಮಾರಿದವರ ಮನೆಯ ಗಲಾಟೆ ಕೊಂಡವರ ಉಗ್ರಾಣಕ್ಕೆ ಹೇಗೆ ತಟ್ಟುತ್ತದೆ ಎಂದು ನಮಗೂ ತಿಳಿಯಿತು.

ಈ ಹಿನ್ನೆಲೆಯಲ್ಲಿ ನನಗೆ ‘ಅಸ್ತ್ರ’ ಮುಖ್ಯವೆನಿಸುತ್ತದೆ. ಡಿಆರ್‌ಡಿಒ ರೂಪಿಸಿದ ಈ ಕ್ಷಿಪಣಿಗಾಗಿ 2022ರ ಮೇ 31ರಂದು ರಕ್ಷಣಾ ಸಚಿವಾಲಯ ಹೈದರಾಬಾದಿನ ಭಾರತ್ ಡೈನಾಮಿಕ್ಸ್ ಜೊತೆ 2,971 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತು. 2025ರ ಮಾರ್ಚ್ 12ರಂದು ಒಡಿಶಾದ ಚಾಂದಿಪುರದ ಕಡಲ ಮೇಲೆ ತೇಜಸ್ ವಿಮಾನದಿಂದ ಅದರ ಪರೀಕ್ಷೆ ನಡೆಯಿತು. ಬೆಂಗಳೂರಿನಲ್ಲಿ ತಯಾರಾಗುವ ವಿಮಾನ, ಹೈದರಾಬಾದಿನಲ್ಲಿ ತಯಾರಾಗುವ ಕ್ಷಿಪಣಿ. ಕೆಟ್ಟರೆ ಕೇಳಲು ಕಡಲಾಚೆ ಹೋಗಬೇಕಿಲ್ಲ ಎಂಬುದು ದೊಡ್ಡ ಮಾತು. ಆದರೆ ಸ್ವದೇಶಿಯಾದ ಮಾತ್ರಕ್ಕೆ ಇಂಧನಕ್ಕೆ ವಯಸ್ಸಾಗುವುದಿಲ್ಲವೇ, ಪೆಟ್ಟಿಗೆಗೆ ತೇವ ಸೇರುವುದಿಲ್ಲವೇ? ಆಲ್ಟ್‌ನ ಐದು ಪ್ರಶ್ನೆಗಳನ್ನು ಇನ್ನು ಮುಂದೆ ನಮಗೆ ನಾವೇ ಕೇಳಿಕೊಳ್ಳಬೇಕು.

ಯಲಹಂಕದ ಏರೋ ಇಂಡಿಯಾದಲ್ಲಿ ಅಸ್ತ್ರದ ಮಾದರಿಯ ಮುಂದೆ ಒಂದಷ್ಟು ಹೊತ್ತು ನಿಂತಿದ್ದೆ. ಕಾಲೇಜು ಹುಡುಗರು ಬಂದು ಫೋಟೋ ತೆಗೆಸಿಕೊಳ್ಳುತ್ತಿದ್ದರು. “ಎಷ್ಟು ದೂರ ಹೋಗುತ್ತೆ ಸಾರ್?” ಎಂದು ಮೊದಲಿನವನು ಕೇಳಿದ, ಅವನ ನಂತರ ಬಂದವರೂ ಅದನ್ನೇ ಕೇಳಿದರು. ಗುಂಪು ಕರಗಿದ ಮೇಲೆ ನಾನು ಹತ್ತಿರ ಹೋಗಿ, ಎಷ್ಟು ವರ್ಷ ಇಟ್ಟುಕೊಳ್ಳಬಹುದು ಎಂದು ಕೇಳಿದೆ. ಅಲ್ಲಿದ್ದವರು ನನ್ನ ಮುಖವನ್ನೊಮ್ಮೆ ನೋಡಿ, “ನೀವು ಸ್ಟೋರ್ಸ್‌ನವರಾ?” ಎಂದರು. ಅಲ್ಲ, ನಮ್ಮ ಚಿಕ್ಕಪ್ಪ, ಎಂದೆ.